ಕರೆಯದೆ ಹೋಗುವ ಹಬ್ಬ

ಕೇಳುಗರಿಗೆ ನಮಸ್ಕಾರ.

ಕರೆಯದೆ ಬರುವವನಿಗೂ ಬರಿಗಾಲಲ್ಲಿ ನಡೆಯುವವನಿಗೂ ಕೆರದ ಏಟೇ ಸರಿ ಅಂತ ಹಿರಿಯರು ಹೇಳುವುದನ್ನು ಕೇಳಿಕೊಂಡೇ ಬೆಳೆದವಳು ನಾನು. ಅಂಥವಳು ಹೋಗಿ ಸಂಸಾರ ಹೂಡಿದ್ದು ಸೆರ್ಬಿಯಾದ ನೋವಿ ಸಾದ್ ಎಂಬ ಊರಿನಲ್ಲಿ. ಅಲ್ಲಿ ವರ್ಷದ ಅತಿ ದೊಡ್ಡ ಮನೆಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ದಿನ ನೆನಪಿಟ್ಟುಕೊಂಡು ನೀವೇ ಹೋಗಬೇಕು, ಹೋಗದಿದ್ದರೆ ಮುನಿಸು. ಬರಿಗಾಲಿನ ಮಾತು ಆಮೇಲೆ ಹೇಳುತ್ತೇನೆ.

ನೋವಿ ಸಾದ್ ಸೆರ್ಬಿಯಾದ ಎರಡನೇ ದೊಡ್ಡ ನಗರ, ಉತ್ತರದ ವೊಯ್ವೊದಿನಾ ಪ್ರಾಂತ್ಯದ ರಾಜಧಾನಿ. ನಾವು ಡಾನ್ಯೂಬ್ ಅನ್ನುವ ನದಿ ಅವರಿಗೆ ದುನಾವ್. ಆಚೆ ದಡದ ಗುಡ್ಡದ ಮೇಲೆ ಪೆಟ್ರೊವರಾದಿನ್ ಕೋಟೆ, ಕೋಟೆಯ ಮೇಲೊಂದು ಗಡಿಯಾರದ ಗೋಪುರ. ಬಂದ ಹೊಸದರಲ್ಲಿ ಆ ಗಡಿಯಾರ ನಂಬಿ ಪೇಚಿಗೆ ಸಿಕ್ಕಿಕೊಂಡೆ. ಅದರಲ್ಲಿ ಉದ್ದ ಮುಳ್ಳು ತೋರಿಸುವುದು ಗಂಟೆ, ಗಿಡ್ಡ ಮುಳ್ಳು ನಿಮಿಷ! ನದಿಯಲ್ಲಿ ದೂರದ ದೋಣಿಯವರಿಗೆ ಗಂಟೆಯಾದರೂ ಕಾಣಲಿ ಎಂದು ಹಾಗೆ ಮಾಡಿದ್ದಂತೆ. ನಿಮಿಷ ಯಾರಿಗೆ ಬೇಕಿತ್ತು, ಹೇಳಿ.

ನಮ್ಮ ಮನೆ ಲಿಮಾನ್ ಎಂಬ ಬಡಾವಣೆಯಲ್ಲಿ, ನದಿಗೆ ಹತ್ತಿರ. ಯುಗೊಸ್ಲಾವಿಯಾ ಕಾಲದ ಎತ್ತರದ ಕಟ್ಟಡಗಳು, ನಡುವೆ ದೊಡ್ಡ ದೊಡ್ಡ ಮರಗಳು. ಪರದೇಶದವರು ಬಂದ 24 ಗಂಟೆಯೊಳಗೆ ಪೊಲೀಸರಲ್ಲಿ ವಿಳಾಸ ಬರೆಸಿ 'ಬೆಲಿ ಕಾರ್ತೋನ್', ಅಂದರೆ ಬಿಳಿ ಚೀಟಿ, ಪಡೆಯಬೇಕು. ಆ ಓಡಾಟ ಮುಗಿಸಿ ಸುಸ್ತಾಗಿ ಮೆಟ್ಟಿಲ ಬಳಿ ನಿಂತಿದ್ದಾಗ ಮೇಲಿನ ಮನೆಯ ಹೆಂಗಸು ಕಂಡರು. ಎಪ್ಪತ್ತು ದಾಟಿದ ವಯಸ್ಸು. 'ಏನು ಸೀನೆ?' ಅಂದರು. ಸೀನೆ ಅಂದರೆ ಮಗನೇ ಎಂದರ್ಥ. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಗುವನ್ನೂ 'ಮಗಾ' ಅಂದಂತೆ ಅವರೂ ಹುಡುಗಿಯರನ್ನು ಹಾಗೇ ಕರೆಯುತ್ತಾರೆ. ನಾನು ಅವರನ್ನು ತೇತಾ ಅನ್ನತೊಡಗಿದೆ. ಅತ್ತೆಗೂ ಚಿಕ್ಕಮ್ಮನಿಗೂ ಅವರಲ್ಲಿ ಅದೊಂದೇ ಪದ.

ಹಾಗೆಂದು ನೆಂಟಸ್ತಿಕೆಯ ಪದಗಳಲ್ಲಿ ಅವರು ಬಡವರಲ್ಲ. ಇಂಗ್ಲಿಷಿನಲ್ಲಿ ಅಂಕಲ್ ಅಂದು ಕೈತೊಳೆದುಕೊಳ್ಳಬಹುದು, ಅಲ್ಲಿ ಅಪ್ಪನ ತಮ್ಮನಾದರೆ ಸ್ತ್ರಿತ್ಸ್, ಸೋದರಮಾವನಾದರೆ ಉಯಾಕ್. ಒಂದು ಸಂಜೆ ತೇತಾ ಮನೆಗೆ ಬಂದಿದ್ದ ಒಬ್ಬರನ್ನು 'ನನ್ನ ಗಂಡನ ಪಾಶೆನೋಗ್' ಅಂತ ಪರಿಚಯಿಸಿ, ಇದನ್ನು ಪರದೇಶದವಳಿಗೆ ಹೇಗೆ ತಿಳಿಸಲಿ ಎಂದು ಒದ್ದಾಡಿದರು. ಹೆಂಡತಿಯ ಅಕ್ಕತಂಗಿಯ ಗಂಡ, ಅಂದರೆ ನಮ್ಮ ಷಡ್ಡಕ! ನಮ್ಮಲ್ಲೂ ಅದಕ್ಕೆ ಒಂದೇ ಪದ ಇದೆ ಅಂದಾಗ ಅವರಿಗಾದ ಖುಷಿ ನೋಡಬೇಕಿತ್ತು. ಆಮೇಲೆ ಯೆತ್ರ್ವಾ ಬಂದಳು, ಅವಳು ನಮ್ಮ ನೆಗೆಣ್ಣಿ; ಮೈಸೂರು ಕಡೆಯವರು ವಾರಗಿತ್ತಿ ಅಂದುಕೊಳ್ಳಿ. ಬೀಗರು ಒಬ್ಬರನ್ನೊಬ್ಬರು 'ಪ್ರಿಯಾತೆಲ್ಯ್' ಅನ್ನುತ್ತಾರೆ. ಸ್ನೇಹಿತನಿಗೂ ಅದೇ ಪದ. ನಮ್ಮ 'ಪ್ರಿಯ'ದ ದೂರದ ದಾಯಾದಿ ಅದು. ಬೀಗರಿಗೆ ಅಷ್ಟು ಒಳ್ಳೆಯ ಹೆಸರು ನಮ್ಮಲ್ಲಿಲ್ಲ, ಕಾರಣ ಕೇಳಬೇಡಿ.

ಆ ಮೊದಲ ವರ್ಷ ಡಿಸೆಂಬರ್ 19ರಂದು ಲಿಫ್ಟಿಗೆ ಪುರುಸೊತ್ತೇ ಇರಲಿಲ್ಲ. ಕೈಯಲ್ಲಿ ಹೂವು, ವೈನಿನ ಬಾಟಲಿ, ಕಾಫಿ ಪುಡಿಯ ಪೊಟ್ಟಣ ಹಿಡಿದವರೆಲ್ಲ ತೇತಾ ಮನೆಗೇ. ನಾವಿಬ್ಬರೂ ಕೆಳಗೆ ಬಾಗಿಲು ಹಾಕಿಕೊಂಡು ಅನ್ನ ಸಾರು ಉಂಡೆವು. ಕರೆದಿಲ್ಲವಲ್ಲ! ಮನಸ್ಸಿನಲ್ಲಿ ಸ್ವಲ್ಪ ಚುಚ್ಚಿತೂ ಅನ್ನಿ. ಮರುದಿನ ತೇತಾ ಒಂದು ತಟ್ಟೆ ತಿಂಡಿ ತಂದು ಮೇಜಿನ ಮೇಲೆ ಕುಕ್ಕಿ, 'ನೀವು ಯಾಕೆ ಬರಲಿಲ್ಲ?' ಅಂದರು. ಅವರ ಮುಖ ನಮ್ಮದಕ್ಕಿಂತ ಹೆಚ್ಚು ಬಾಡಿತ್ತು.

ಆ ಹಬ್ಬದ ಹೆಸರು ಸ್ಲಾವಾ. ಪ್ರತಿ ಸೆರ್ಬ್ ಮನೆತನಕ್ಕೂ ಕಾಯುವ ಸಂತನೊಬ್ಬನಿದ್ದಾನೆ. ಅಪ್ಪನಿಂದ ಮಗನಿಗೆ ಇಳಿದು ಬರುತ್ತಾನೆ, ಮದುವೆಯಾದ ಹೆಣ್ಣು ಗಂಡನ ಮನೆಯ ಸಂತನನ್ನು ನಡೆಸಿಕೊಳ್ಳುತ್ತಾಳೆ. ಯಾವುದೋ ತಲೆಮಾರಿನ ಹಿರಿಯರು ಕ್ರೈಸ್ತರಾದ ದಿನದ ಸಂತ ಅವನು ಎಂಬುದು ನಂಬಿಕೆ. ಇದನ್ನು ಕೇಳಿದ ಕನ್ನಡಿಗರಿಗೆ ನಾನು ಮುಂದೆ ಹೇಳಬೇಕಾದ್ದೇ ಇಲ್ಲ. ನಮ್ಮ ಮನೆದೇವರು! 2014ರಲ್ಲಿ ಯುನೆಸ್ಕೊ ಈ ಸ್ಲಾವಾವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಡಿಸೆಂಬರ್ 19ರ ಸಂತ ನಿಕೋಲಾನಿಗೆ ಒಕ್ಕಲು ಎಷ್ಟೆಂದರೆ, ಅಂದು ಅರ್ಧ ಸೆರ್ಬಿಯಾ ಹಬ್ಬ ಮಾಡುತ್ತದೆ, ಉಳಿದರ್ಧ ನೆಂಟರಾಗಿ ಹೋಗುತ್ತದೆ ಅಂತ ಅವರಲ್ಲೇ ಮಾತಿದೆ.

ಎರಡನೇ ವರ್ಷ ಹೋದೆವು. ಹೂವಿನಂಗಡಿಯಲ್ಲಿ ಹತ್ತು ಹೂವು ಕೇಳಿದೆ. ಅಂಗಡಿಯಾಕೆ ನನ್ನನ್ನು ದಿಟ್ಟಿಸಿ, ಸಾವಿನ ಮನೆಗೋ ಎಂದು ಕೇಳಿದಳು. ಸರಿಸಂಖ್ಯೆ ಸತ್ತವರಿಗೆ, ಬದುಕಿದವರಿಗೆ ಬೆಸವೇ ಆಗಬೇಕು. ಮುಯ್ಯಿಯ ನೂರಕ್ಕೆ ಒಂದು ರೂಪಾಯಿ ಸೇರಿಸುವ ನಾಡಿನವಳು ನಾನು, ನನಗೆ ಹೊಳೆಯಬೇಕಿತ್ತು.

ಒಳಗೆ ಕಾಲಿಟ್ಟೊಡನೆ 'ಸ್ರೆಚ್ನಾ ಸ್ಲಾವಾ' ಎಂದು ಕೆನ್ನೆಗೆ ಕೆನ್ನೆ ತಾಗಿಸಿ ಮೂರು ಮುತ್ತು. ಉದ್ದನೆಯ ಮೇಣದ ಬತ್ತಿ ಉರಿಯುತ್ತಿತ್ತು, ಪಕ್ಕದಲ್ಲಿ ಹಿಟ್ಟಿನ ಹೂವು ಹಕ್ಕಿ ಕೂರಿಸಿದ ದುಂಡನೆ ರೊಟ್ಟಿ, ಕೆಂಪು ವೈನು. ಬಂದವರು ಮೊದಲು ತಿನ್ನಬೇಕಾದ್ದು ಝಿತೊ. ಬೇಯಿಸಿದ ಗೋಧಿಯನ್ನು ಅರೆದು ಆಕ್ರೋಟು, ಸಕ್ಕರೆ ಬೆರೆಸಿದ್ದು. ನಿಂತುಕೊಂಡೇ ಶಿಲುಬೆಯ ಗುರುತು ಮಾಡಿ ಒಂದೇ ಚಮಚ ತಿಂದು, ಆ ಚಮಚವನ್ನು ನೀರಿನ ಲೋಟಕ್ಕೆ ಹಾಕುತ್ತಾರೆ. ಬಾಯಿಗಿಟ್ಟರೆ ಬೆಲ್ಲದ ಬದಲು ಸಕ್ಕರೆ ಬಿದ್ದ, ಆರಿದ ಗೋಧಿ ಹುಗ್ಗಿ. ಕಣ್ಣು ತುಂಬಿ ಬಂತು. ಹೊಗೆಯೇನೂ ಇರಲಿಲ್ಲ.

ಮಾಂಸ ತಿನ್ನದ ನಮಗೆ ಸಂತ ನಿಕೋಲಾ ದೊಡ್ಡ ಉಪಕಾರ ಮಾಡಿದ್ದಾನೆ. ಅವನ ದಿನ ಕ್ರಿಸ್‌ಮಸ್ಸಿಗೆ ಮುಂಚಿನ ಉಪವಾಸದೊಳಗೆ ಬೀಳುತ್ತದೆ. ಆಗ ಮಾಂಸ, ಹಾಲು, ಮೊಟ್ಟೆ ಇಲ್ಲ, ಮೀನು ಮಾತ್ರ ಉಂಟು. ಇಂಥ ಅಡುಗೆಗೆ 'ಪೊಸ್ನೊ' ಅನ್ನುತ್ತಾರೆ. ಈರುಳ್ಳಿ ಹಾಕಿ ಒಲೆಯಲ್ಲಿ ಬೇಯಿಸಿದ ಬಿಳಿ ಅವರೆಯಂಥ ಕಾಳು, ಸುಟ್ಟ ಕೆಂಪು ದೊಣ್ಣೆ ಮೆಣಸಿನಕಾಯಿಯ ಐವಾರ್ ಚಟ್ನಿ, ಹುಳಿ ಬರಿಸಿದ ಎಲೆಕೋಸಿನಲ್ಲಿ ಅನ್ನ ಸುತ್ತಿದ ಸರ್ಮಾ. ಅಂಗಡಿಯ ಪೊಟ್ಟಣಗಳ ಮೇಲೂ ಈ ಪದ ಬರೆದಿರುತ್ತದೆ. ಸಸ್ಯಾಹಾರಿ ಎಂದು ಗಂಟಲು ಹರಿದುಕೊಂಡರೆ 'ಕೋಳಿಯನ್ನಾದರೂ ತಿನ್ನು' ಅನ್ನುತ್ತಾರೆ. ಪೊಸ್ನೊ ಅಂದರೆ ಮರುಮಾತಿಲ್ಲ. ಅತ್ತ ಹೋಗುವವರು ಈ ಒಂದು ಪದ ಕಲಿತರೆ ಸಾಕು. ಮೀನು ಬೇಡ ಅನ್ನುವುದನ್ನು ಬೇರೆ ಹೇಳಿ.

ಈಗ ಬರಿಗಾಲಿನ ಮಾತು. ಚಪ್ಪಲಿ ಹೊರಗೆ ಬಿಡುವುದು ನಮ್ಮಂತೆಯೇ, ಆದರೆ ಒಳಗೆ ಬರಿಗಾಲಲ್ಲಿ ನಡೆದರೆ ಮನೆಯವರು ಹೌಹಾರುತ್ತಾರೆ. ಬಂದವರಿಗೆಲ್ಲ ಮೆತ್ತನೆಯ ಪಾಪುಚೆ ಕೊಡುತ್ತಾರೆ. ತಣ್ಣನೆ ನೆಲ ತಾಗಿದರೆ ಹೊಟ್ಟೆ ಕೆಡುತ್ತದೆ, ಮಕ್ಕಳಾಗುವುದಿಲ್ಲ, ಇನ್ನೇನೇನೋ. ಅದಕ್ಕಿಂತ ದೊಡ್ಡ ಭೂತ 'ಪ್ರೊಮಾಯಾ', ಎದುರುಬದುರು ಕಿಟಕಿ ತೆರೆದಾಗ ಆಡುವ ಗಾಳಿ. ಆಗಸ್ಟಿನ ಧಗೆಯಲ್ಲಿ ಬಸ್ಸಿನಲ್ಲಿ ಬೆಂದು ಹೋಗುತ್ತಾ ನಾನು ಕಿಟಕಿ ಸರಿಸಿದರೆ, ಹಿಂದಿನ ಸೀಟಿನಿಂದ ಒಂದು ಕೈ ಬಂದು ಮುಚ್ಚಿತು. ಗಾಳಿ ಆಡಲಿ ಎಂದೇ ಮನೆ ಕಟ್ಟುವ ನಮಗೆ ಇದು ಎಂದಿಗೂ ಅರ್ಥವಾಗದು.

ಅವರ ಚರ್ಚಿನ ಪಂಚಾಂಗ 13 ದಿನ ಹಿಂದೆ. ಹಾಗಾಗಿ ಕ್ರಿಸ್‌ಮಸ್ ಜನವರಿ 7ಕ್ಕೆ. ಹಿಂದಿನ ದಿನ ಪಿಯಾತ್ಸಾದಲ್ಲಿ, ಅಂದರೆ ಸಂತೆಯಲ್ಲಿ, ಒಣ ಎಲೆ ಇರುವ ಓಕ್ ಮರದ ರೆಂಬೆ ಮಾರುತ್ತಾರೆ. ರಾತ್ರಿ ಚರ್ಚಿನ ಅಂಗಳದಲ್ಲಿ ಅದರ ಬೆಂಕಿ, ಥೇಟು ನಮ್ಮ ಕಾಮನ ಹುಣ್ಣಿಮೆ. ಅದೇ ಲೆಕ್ಕದಲ್ಲಿ 'ಸೆರ್ಬ್ ಹೊಸ ವರ್ಷ' ಬರುವುದು ಜನವರಿ 13ರ ನಡುರಾತ್ರಿ. ಬೆಳಗಾದರೆ ನಮಗೆ ಸಂಕ್ರಾಂತಿ! ನಾನು ಊರಿಂದ ತರಿಸಿದ ಕುಸುರೆಳ್ಳು ಹಂಚಿದೆ. ಅವರ ಹೊಸ ವರ್ಷಕ್ಕೆ ಇಂಡಿಯಾದವಳು ಸಿಹಿ ಕೊಟ್ಟಳು ಎಂದುಕೊಂಡರು. ತಿದ್ದಲು ಹೋಗಲಿಲ್ಲ.

ಆ ಊರಲ್ಲಿ ಸಾವೂ ಬೀದಿಯಲ್ಲೇ ಇರುತ್ತದೆ. ತೀರಿಹೋದವರ ಫೋಟೊ ಇರುವ ಹಾಳೆಗಳನ್ನು ಮನೆಯ ಬಾಗಿಲಿಗೆ, ಮರಕ್ಕೆ, ಕಂಬಕ್ಕೆ ಅಂಟಿಸುತ್ತಾರೆ. 2024ರ ನವೆಂಬರ್ 1ರ ಬೆಳಿಗ್ಗೆ 11 ಗಂಟೆ 52 ನಿಮಿಷಕ್ಕೆ ನಮ್ಮ ರೈಲು ನಿಲ್ದಾಣದ ಮುಂಚಾವಣಿ ಕುಸಿಯಿತು. ಕೊನೆಗೆ ಸತ್ತವರ ಲೆಕ್ಕ 16ಕ್ಕೆ ನಿಂತಿತು. ಆಮೇಲೆ ಅದೇ ಹೊತ್ತಿಗೆ ವಿದ್ಯಾರ್ಥಿಗಳು ರಸ್ತೆಯ ನಡುವೆ ಸುಮ್ಮನೆ ನಿಲ್ಲತೊಡಗಿದರು, ಸತ್ತ ಒಬ್ಬೊಬ್ಬರಿಗೆ ಒಂದೊಂದು ನಿಮಿಷ. ಮೊಣಕಾಲು ನೋವಿನ ತೇತಾ ನನ್ನ ತೋಳು ಹಿಡಿದು ಅಷ್ಟೂ ಹೊತ್ತು ನಿಂತಿದ್ದರು. 1999ರಲ್ಲಿ ನೇಟೊ ಬಾಂಬುಗಳಿಗೆ ಊರಿನ ಮೂರೂ ಸೇತುವೆ ಬಿದ್ದದ್ದನ್ನು ಕಂಡವರು ಅವರು. ಮನೆಗೆ ವಾಪಸಾಗುವ ತನಕ ಒಂದು ಮಾತೂ ಆಡಲಿಲ್ಲ.

ಆ ಚಳಿಗಾಲದಲ್ಲೇ ಒಮ್ಮೆ ಕೇಳಿದರು, 'ನಿಮ್ಮ ಸ್ಲಾವಾ ಯಾವುದು?' ಮೈಲಾರಲಿಂಗ ಅಂದೆ. ಭರತ ಹುಣ್ಣಿಮೆಯ ಜಾತ್ರೆ, ಬಿಲ್ಲನ್ನೇರಿ ಕಾರಣಿಕ ನುಡಿಯುವ ಗೊರವಯ್ಯ, ಎಲ್ಲ ನನ್ನ ಹರಕು ಮುರುಕು ಸೆರ್ಬಿಯನ್ನಿನಲ್ಲಿ ಹೇಳಿದೆ. ತಾರೀಕು ಕೇಳಿದರು. ಚಂದ್ರನನ್ನು ನೋಡಿಕೊಂಡು ಬದಲಾಗುತ್ತದೆ ಅಂದೆ. 'ಓ, ನಮ್ಮ ಈಸ್ಟರಿನ ಹಾಗೆ' ಅಂದು ಸುಮ್ಮನಾದರು. ನಾನೂ ಮರೆತೆ. ನಿಜ ಹೇಳಬೇಕೆಂದರೆ ಆ ವರ್ಷ ಭರತ ಹುಣ್ಣಿಮೆಯನ್ನೇ ಮರೆತೆ.

ಫೆಬ್ರವರಿಯ ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆರೆದರೆ ತೇತಾ, ಮೇಲಿನ ಮನೆಯಿಂದ ಕೆಳಗಿಳಿಯಲು ಹೊಸ ಕೋಟು ತೊಟ್ಟಿದ್ದರು. ಕೈಯಲ್ಲಿ ವೈನಿನ ಬಾಟಲಿ, ಏಳು ಹೂವು. ಹುಣ್ಣಿಮೆ ಎಂದೆಂದು ಮೊಮ್ಮಗನ ಫೋನಿನಲ್ಲಿ ನೋಡಿಸಿದ್ದರಂತೆ. 'ಸ್ರೆಚ್ನಾ ಸ್ಲಾವಾ' ಎಂದು ಮೂರು ಮುತ್ತು ಕೊಟ್ಟು, ಬಾಗಿಲ ಬಳಿ ನಾನು ಅವರಿಗೆಂದೇ ಇಟ್ಟಿದ್ದ ಪಾಪುಚೆ ಮೆಟ್ಟಿ, ನೇರ ಅಡುಗೆಮನೆಗೆ ಬಂದರು. ಒಲೆಯ ಮೇಲೆ ಇದ್ದದ್ದು ಬೆಳಗಿನ ಉಪ್ಪಿಟ್ಟು ಮಾತ್ರ. 'ಇದು ಗೋಧಿಯೇ ತಾನೆ?' ಅಂದರು. ಹೌದು ಅಂದೆ. ನಿಂತುಕೊಂಡೇ ಶಿಲುಬೆಯ ಗುರುತು ಮಾಡಿ, ಒಂದು ಚಮಚ ಉಪ್ಪಿಟ್ಟು ತಿಂದು, ಚಮಚ ಹಾಕಲು ನೀರಿನ ಲೋಟ ಎಲ್ಲಿ ಎಂದು ಸುತ್ತ ನೋಡಿದರು.