ಬೇಸ್‌ಬಾಲ್ ಸ್ವಿಂಗ್: ಕೈ ಎಲ್ಲಿರಬೇಕು, ಯಾವ ದಾರಿಯಲ್ಲಿ ಬರಬೇಕು?

[ಪಿಚರ್ ಚೆಂಡು ಎಸೆಯುವ ದೃಶ್ಯ]

ನಮಸ್ಕಾರ. ಬೇಸ್‌ಬಾಲ್‌ನಲ್ಲಿ ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ (ನೆಲದಲ್ಲಿರುವ ಬಿಳಿ ಫಲಕ) 60 ಅಡಿ 6 ಇಂಚು. ಗಂಟೆಗೆ 150 ಕಿ.ಮೀ. ವೇಗದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಚೆಂಡು ನೋಡೋದಕ್ಕೇ ಹೋಗುತ್ತದೆ. ಹಾಗಾಗಿ ಕೈ ಸುತ್ತು ಬಳಸಿ ಬಂದರೆ ಆಟ ಮುಗೀತು.

ಬಲಗೈ ಬ್ಯಾಟರ್ ಅಂದುಕೊಳ್ಳಿ. ಎಡಗೈ ಕೆಳಗೆ, ಬಲಗೈ ಮೇಲೆ. ಹಿಡಿತ ಬೆರಳುಗಳಲ್ಲಿರಲಿ. ಅಂಗೈಯೊಳಗೆ ಬಿಗಿದು ಹಿಡಿದರೆ ಮಣಿಕಟ್ಟು ಆಡುವುದಿಲ್ಲ.

ನಿಂತಾಗ ಕೈ ಬಲ ಭುಜದ ಹತ್ತಿರ. ಕ್ರಿಕೆಟ್ ಆಡಿ ಬಂದವರ ಕೈ ತಾನಾಗಿಯೇ ಕೆಳಗಿಳಿಯುತ್ತದೆ, ಗಮನಿಸಿ! ಇನ್ನು ಕಾರ್ಲ್ ಯಾಸ್ಟ್ರೆಮ್ಸ್ಕಿ ತರಹ ತಲೆಯ ಎತ್ತರಕ್ಕೆ ಕೈ ಎತ್ತಿ ಆಡಿದ ದೊಡ್ಡ ಆಟಗಾರರೂ ಇದ್ದಾರೆ. ನಿಲ್ಲುವ ಭಂಗಿ ಅವರವರ ಇಷ್ಟ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

[ಸ್ಲೋ ಮೋಷನ್, ಪಕ್ಕದಿಂದ]

ಈಗ ನೋಡಿ. ಎಡಗಾಲು ಮುಂದೆ ಹೋಗುವಾಗ ಕೈ ಸ್ವಲ್ಪ ಹಿಂದೆ ಸರಿಯುತ್ತದೆ. ಕಾಲು ಊರಿದ ಮೇಲೆ ಮೊದಲು ತಿರುಗುವುದು ಸೊಂಟ, ಆಮೇಲೆ ಎದೆ, ಕೊನೆಗೆ ಕೈ. ಬಲ ಮೊಣಕೈ ಪಕ್ಕೆಲುಬಿನ ಹತ್ತಿರ ಇಳಿಯುತ್ತದೆ. ಬ್ಯಾಟಿನ ಹಿಡಿಯ ತುದಿ ಚೆಂಡಿನ ಕಡೆ ಬರುತ್ತಿದೆ, ದಪ್ಪ ಭಾಗ ಇನ್ನೂ ಹಿಂದೆಯೇ ಉಳಿದಿದೆ. ಹೊಸಬರು ಎಡವುವುದು ಇಲ್ಲೇ: ಕೈ ಮೊದಲೇ ಮೈಯಿಂದ ದೂರ ಚಾಚುತ್ತದೆ, ಬ್ಯಾಟು ದೊಡ್ಡ ಸುತ್ತು ಹಾಕಿ ತಡವಾಗಿ ಬರುತ್ತದೆ.

ಪರೀಕ್ಷೆ ಮಾಡಬೇಕಾ? ಬಲೆಯ ಎದುರು ನಿಂತು ಹಿಡಿಯ ತುದಿಯನ್ನು ಹೊಟ್ಟೆಗೆ ಇಡಿ. ಇನ್ನೊಂದು ತುದಿ ಬಲೆಗೆ ತಾಗುವಷ್ಟೇ ದೂರ ಇರಲಿ. ಅಲ್ಲೇ, ಬಲೆ ಎದೆಯ ಮುಂದೆಯೇ ಇರುವ ಹಾಗೆ, ಮೆಲ್ಲಗೆ ಸ್ವಿಂಗ್ ಮಾಡಿ. ಬ್ಯಾಟು ಬಲೆಗೆ ಸಿಕ್ಕಿಕೊಂಡರೆ ಕೈ ಚಾಚಿದೆ ಅಂತ ಲೆಕ್ಕ. ಗೋಡೆ ಮುಂದೆ ಮಾತ್ರ ಬೇಡ. ಬ್ಯಾಟಿಗೂ ಕೈಗೂ ಪೆಟ್ಟು.

[ಕ್ಲೋಸಪ್: ಎರಡೂ ಕೈ]

ಚೆಂಡು ತಾಗುವ ಗಳಿಗೆಯಲ್ಲಿ ಬಲ ಅಂಗೈ ಆಕಾಶ ನೋಡಬೇಕು, ಎಡ ಅಂಗೈ ನೆಲ ನೋಡಬೇಕು. ಮಣಿಕಟ್ಟು ತಿರುಗುವುದು ಚೆಂಡು ಹೋದ ಮೇಲೆ. ಮೊದಲೇ ತಿರುಗಿಸಿದರೆ ಚೆಂಡು ಸುಮ್ನೆ ನೆಲದ ಮೇಲೆ ಉರುಳಿ ಫೀಲ್ಡರ್ ಕೈ ಸೇರುತ್ತದೆ.

ಅಂದಹಾಗೆ, ಅಮೆರಿಕದ ದೊಡ್ಡ ಆಟಗಾರ ಹ್ಯಾಂಕ್ ಆರನ್ ಶುರುವಿನಲ್ಲಿ ಬಲಗೈ ಬ್ಯಾಟರ್ ಆಗಿದ್ದೂ ಎಡಗೈಯನ್ನು ಮೇಲೆ ಹಿಡಿದು ಆಡುತ್ತಿದ್ದರು! ಆಮೇಲೆ ಹಿಡಿತ ಬದಲಿಸಿದರು. ಅಲ್ಲಿನ ಅತಿ ಎತ್ತರದ ಮಟ್ಟವಾದ ಮೇಜರ್ ಲೀಗ್‌ನಲ್ಲಿ ಅವರು ಹೊಡೆದ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ತರಹದ ಹೊಡೆತ) 755.