ಫ್ಯಾನ್ ಆಫ್ ಮಾಡಿ ಕೇಳಬೇಕಾದ ವಾದ್ಯ

ಎಲ್ಲರಿಗೂ ನಮಸ್ಕಾರ. ಇಯರ್‌ಫೋನ್ ಹತ್ತಿರದಲ್ಲಿದ್ದರೆ ದಯವಿಟ್ಟು ಹಾಕಿಕೊಳ್ಳಿ. ಇವತ್ತು ನೀವು ಕೇಳುವ ತಗ್ಗಿನ ಸ್ವರಗಳು ಫೋನಿನ ಸ್ಪೀಕರ್‌ನಲ್ಲಿ ಸರಿಯಾಗಿ ಬರುವುದೇ ಇಲ್ಲ. ಹಾಗೇ ಕೇಳಿದರೆ ಅರ್ಧ ವೀಣೆ ಕೇಳಿದ ಹಾಗೆ.

ಇದು ಉಡುಪಿ, ನಮ್ಮ ಮನೆಯ ಹಿಂದಿನ ಕೋಣೆ. ಬೆಳಗಿನ ಐದು ಗಂಟೆ. ಹೊರಗೆ ಆಟಿ ತಿಂಗಳ ಮಳೆ. ಚಾಪೆಯ ಮೇಲೆ ಇರುವುದು ನನ್ನ ರುದ್ರವೀಣೆ.

ವೀಣೆ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಕ್ಯಾಲೆಂಡರಿನ ಸರಸ್ವತಿ, ಅಲ್ವಾ? ಇದು ಆ ವೀಣೆಯಲ್ಲ. ನಾಲ್ಕೂವರೆ ಅಡಿ ಉದ್ದದ ಒಂದು ಪೊಳ್ಳು ದಂಡಿ. ಅದರ ಕೆಳಗೆ ಎರಡು ಕಡೆ ಎರಡು ದೊಡ್ಡ ಸೋರೆಬುರುಡೆ. ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ ಮೆಟ್ಟಿಲುಗಳು, ಅಂದರೆ ತಂತಿ ಒತ್ತಿ ಸ್ವರ ಹಿಡಿಯುವ ಪಟ್ಟಿಗಳು. ನನ್ನದರಲ್ಲಿ 24. ರಾಗ ನುಡಿಸುವ ತಂತಿ ನಾಲ್ಕು, ಶ್ರುತಿಗೆ ಪಕ್ಕದಲ್ಲಿ ಬೇರೆ ತಂತಿಗಳು. ಹಿಂದೂಸ್ತಾನಿಯವರು ಇದನ್ನು ಬೀನ್ ಎನ್ನುತ್ತಾರೆ, ನುಡಿಸುವವರನ್ನು ಬೀನ್‌ಕಾರ್ ಎನ್ನುತ್ತಾರೆ. ಅಕ್ಬರನ ಆಸ್ಥಾನದಲ್ಲಿದ್ದ ನೌಬತ್ ಖಾನ್ ಇದೇ ವೀಣೆಯನ್ನು ಹೆಗಲ ಮೇಲೆ ಹೊತ್ತು ನಿಂತಿರುವ ಒಂದು ಹಳೆಯ ಚಿತ್ರ ಇದೆ. ಅದನ್ನು ನೋಡಿದಾಗಲೆಲ್ಲ ನನ್ನ ಬೆನ್ನು ನೆಟ್ಟಗಾಗುತ್ತದೆ.

ಇದು ಧ್ರುಪದದ ವಾದ್ಯ, ಅಂದರೆ ಹಿಂದೂಸ್ತಾನಿಯ ಹಳೆಯ ಗಾಯನಶೈಲಿಯದು. ಅವಸರ ಇದಕ್ಕೆ ಗೊತ್ತಿಲ್ಲ. ಒಂದು ಸಲ ತಂತಿ ಮೀಟಿ, ಅದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಒಂದೇ ಉಸಿರಿನಲ್ಲಿ ಮೂರು, ನಾಲ್ಕು ಸ್ವರ ಬರುತ್ತವೆ. ಮೀಟಿದ್ದು ಒಂದೇ ಸಲ. ಉಳಿದದ್ದೆಲ್ಲ ಆ ಸದ್ದು ಆರುವ ಮೊದಲು ಎಡಗೈ ಹುಡುಕಿಕೊಳ್ಳಬೇಕು. ಆ ಆರುವ ಸದ್ದು ಬಹಳ ಸಣ್ಣದು. ಅದಕ್ಕೇ ನಾನು ಫ್ಯಾನ್ ಆಫ್ ಮಾಡಿ ನುಡಿಸುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲೂ! ಕರಾವಳಿಯ ಸೆಕೆ ಗೊತ್ತಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮಾತ್ರ ಇಡೀ ಕೇರಿಯೇ ನನ್ನ ಜೊತೆ ಸುಮ್ಮನಾಗುತ್ತದೆ. ಅದು ನನಗೆ ದೊಡ್ಡ ಉಡುಗೊರೆ.

ಇವತ್ತಿನ ಕೆಲಸಕ್ಕೆ ಬರುತ್ತೇನೆ. ಮೊನ್ನೆ ಭಾನುವಾರ ಫೋನಿನಲ್ಲಿ ಪಾಠ. ನನ್ನ ಗುರುಗಳು ಇರುವುದು ಘಟ್ಟದ ಮೇಲೆ. ತಿಂಗಳಿಗೊಮ್ಮೆ ಬಸ್ ಹತ್ತಿ ಹೋಗುತ್ತೇನೆ, ಉಳಿದ ವಾರ ಫೋನು. ತೋಡಿ ರಾಗ ನುಡಿಸುತ್ತಿದ್ದೆ. ಅರ್ಧದಲ್ಲಿ ನಿಲ್ಲಿಸಿದರು. "ಅಮ್ಮಾ, ನಿನ್ನ ಗಾಂಧಾರ ಮೇಲೆ ಹೋಗಿದೆ. ಬೆರಳಿನ ತಪ್ಪಲ್ಲ, ಮೆಟ್ಟಿಲು ನೋಡು" ಎಂದರು. ಗಾಂಧಾರ ಅಂದರೆ ಸರಿಗಮದ ಗ. ತೋಡಿಯಲ್ಲಿ ಬರುವುದು ಅದರ ತಗ್ಗಿದ ರೂಪ, ಕೋಮಲ ಗಾಂಧಾರ. ನೋಡಿದರೆ ಹೌದು. ಬೇಸಿಗೆಯ ಸೆಕೆಗೆ ಮೇಣ ಮೆತ್ತಗಾಗಿ ಕೋಮಲ ಗಾಂಧಾರದ ಮೆಟ್ಟಿಲು ಕುದುರೆಯ, ಅಂದರೆ ತಂತಿಗಳನ್ನು ಹೊತ್ತ ತುದಿಯ ಪಟ್ಟಿಯ ಕಡೆಗೆ ಒಂದು ಕೂದಲೆಳೆಯಷ್ಟು ಸರಿದಿದೆ. ಎರಡು ತಿಂಗಳು ನನ್ನ ಕಿವಿ ಅದಕ್ಕೇ ಒಗ್ಗಿಬಿಟ್ಟಿತ್ತು. ತೋಡಿಯ ಜೀವ ಇರುವುದೇ ಆ ಗಾಂಧಾರ ಎಷ್ಟು ತಗ್ಗಿ ಕೂರುತ್ತದೆ ಎನ್ನುವುದರಲ್ಲಿ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ನೋಡಿ, ಹತ್ತಿರದಿಂದ ತೋರಿಸುತ್ತೇನೆ. ಹಳೆಯ ಚಾಕುವಿನ ತುದಿಯನ್ನು ದೀಪದ ಮೇಲೆ ಬಿಸಿ ಮಾಡಿದ್ದೇನೆ. ಅದನ್ನು ಮೆಟ್ಟಿಲ ಬುಡದ ಮೇಣಕ್ಕೆ ಸುಮ್ನೆ ತಾಗಿಸುವುದು, ಒತ್ತಬಾರದು. ಮೇಣ ಹೊಳೆಯಲು ಶುರುವಾಯಿತು, ನೋಡಿ. ಜೇನುಮೇಣದ ವಾಸನೆ ಕೋಣೆ ತುಂಬಾ. ಈಗ ಹೆಬ್ಬೆರಳಿನ ಉಗುರಿನಿಂದ ಮೆಟ್ಟಿಲನ್ನು ತಂತಿ ಬಿಗಿಯುವ ಬಿರಡೆಯ ಕಡೆಗೆ ನೂಕಬೇಕು. ತಂಬೂರಿ ಆ್ಯಪ್ ಹಾಕಿಕೊಂಡಿದ್ದೇನೆ. ಮೀಟು, ಕೇಳು. ಇನ್ನೂ ಮೇಲಿದೆ. ಇನ್ನೊಂದು ಚೂರು. ಮೀಟು, ಕೇಳು. ಈಗ ಜಾಸ್ತಿ ಆಯಿತು, ವಾಪಸ್ ತರಬೇಕು. ನೀವು ನೋಡುತ್ತಿರುವ ಈ ಅರ್ಧ ನಿಮಿಷ ನಿಜವಾಗಿ ನಲವತ್ತು ನಿಮಿಷದ ಕೆಲಸ. ಮೇಣ ಆರುವ ತನಕ ಮುಟ್ಟುವ ಹಾಗಿಲ್ಲ.

ಆರಲಿ. ಅಷ್ಟರಲ್ಲಿ ನೀವು ಜಾಸ್ತಿ ಕೇಳುವ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಹೆಂಗಸರು ರುದ್ರವೀಣೆ ನುಡಿಸಬಹುದಾ?

ಬಹಳ ಕಾಲ ಬೇಡ ಎಂದೇ ಹೇಳುತ್ತಿದ್ದರು. ಮೈಗೆ ಭಾರ, ಗರ್ಭಕ್ಕೆ ಒಳ್ಳೆಯದಲ್ಲ ಎಂಬ ನಂಬಿಕೆ ಇತ್ತು. ಆದರೆ ಈ ವಾದ್ಯದ ಕಥೆಯೇ ಬೇರೆ ಹೇಳುತ್ತದೆ. ಪಾರ್ವತಿ ಮಲಗಿದ್ದ ಚೆಲುವನ್ನು ನೋಡಿ ಶಿವ ಈ ವೀಣೆ ಮಾಡಿದನಂತೆ. ಹೆಣ್ಣಿನ ರೂಪದಿಂದ ಹುಟ್ಟಿದ ವಾದ್ಯವನ್ನು ಹೆಣ್ಣು ಮುಟ್ಟಬಾರದು ಎಂದರೆ ನನಗೆ ಒಪ್ಪಲು ಆಗುವುದಿಲ್ಲ. ನಾನು ದಿನಾ ಎರಡು ಗಂಟೆ ಇದನ್ನು ಎತ್ತಿ ಕೂರುತ್ತೇನೆ. ಬೆನ್ನು ನೋಯುತ್ತದೆ, ಬೆರಳು ಗಟ್ಟಿಯಾಗಿದೆ. ಗಂಡಸರಿಗೂ ಅಷ್ಟೇ.

ಈ ಬಾಗಿಲು ತೆರೆದವರು ನಮ್ಮ ಪಕ್ಕದ ಜಿಲ್ಲೆಯವರು. ಶಿರಸಿ ಕಡೆಯ ವಿದುಷಿ ಜ್ಯೋತಿ ಹೆಗಡೆ. ಪಂಡಿತ್ ಬಿಂದುಮಾಧವ ಪಾಠಕ್ ಅವರ ಹತ್ತಿರ ವರ್ಷಗಟ್ಟಲೆ ಕಲಿತರು, ಆಮೇಲೆ ಉಸ್ತಾದ್ ಅಸದ್ ಅಲಿ ಖಾನ್ ಅವರ ಹತ್ತಿರ. ರುದ್ರವೀಣೆ ನುಡಿಸಿದ ಮೊದಲ ಮಹಿಳೆ ಎಂದೇ ಜನ ಅವರನ್ನು ಗುರುತಿಸುತ್ತಾರೆ. ಅವರ ಒಂದು ಆಲಾಪ ಕೇಳಿದ ಮೇಲೆಯೇ ನಾನು ಸಿತಾರ್ ಬಿಟ್ಟು ಇದನ್ನು ಎತ್ತಿಕೊಂಡದ್ದು. ಮಲೆನಾಡಿನ ಒಬ್ಬ ಹೆಣ್ಣುಮಗಳು ಇದನ್ನು ಮಾಡಿದ್ದಾರೆ ಎನ್ನುವ ಒಂದೇ ಧೈರ್ಯ ನನಗೆ ಸಾಕಾಯಿತು.

ಅನ್ನಪೂರ್ಣಾದೇವಿಯವರ ಹೆಸರನ್ನೂ ಹೇಳಲೇಬೇಕು. ಅವರದು ಸುರ್‌ಬಹಾರ್, ಸಿತಾರಿನ ದೊಡ್ಡಕ್ಕ ಅನ್ನಿ. ಬೀನ್ ಮನೆತನದವರು ಬೀನನ್ನು ಹೊರಗಿನವರಿಗೆ ಕೊಡದೆ, ಅದರ ಆಲಾಪವನ್ನು ಸುರ್‌ಬಹಾರಿನಲ್ಲಿ ಕಲಿಸುತ್ತಿದ್ದರು ಎಂದು ಹೇಳುತ್ತಾರೆ. ಅನ್ನಪೂರ್ಣಾದೇವಿ 1950ರ ದಶಕದಲ್ಲೇ ವೇದಿಕೆ ಬಿಟ್ಟರು. ಅವರ ಧ್ವನಿಮುದ್ರಣ ಸಿಗುವುದು ಬೆರಳೆಣಿಕೆಯಷ್ಟು. ಆದರೆ ಮನೆಯಲ್ಲೇ ಕೂತು ಹರಿಪ್ರಸಾದ್ ಚೌರಾಸಿಯಾ ಅವರಂಥವರಿಗೆ ಕಲಿಸಿದರು. 2018ರಲ್ಲಿ ತೀರಿಕೊಂಡರು.

ಮೇಣ ಇನ್ನೂ ಬೆಚ್ಚಗಿದೆ. ಬುರುಡೆಯ ಮೇಲಿರುವ ಈ ಗೆರೆ ಕಾಣುತ್ತಿದೆಯಾ? ವೀಣೆ ಮೊದಲ ಸಲ ನಮ್ಮ ಮನೆಗೆ ಬಂದದ್ದು ಕೊರಿಯರ್‌ನಲ್ಲಿ. ಪೆಟ್ಟಿಗೆ ತೆಗೆದರೆ ಬುರುಡೆ ಬಿರುಕು ಬಿಟ್ಟಿತ್ತು. ಅಳುತ್ತಾ ಮಿರಜ್‌ಗೆ ತೆಗೆದುಕೊಂಡು ಹೋದೆ. ಸಿತಾರ್, ತಂಬೂರಿ ಮಾಡುವವರ ಊರು ಅದು. ಪಂಢರಪುರದ ಕಡೆ ಬೆಳೆಯುವ ಸೋರೆಕಾಯಿ ಒಣಗಿ ಅಲ್ಲಿಗೆ ಬರುತ್ತದೆ. ಅಲ್ಲಿನ ಒಬ್ಬ ಅಜ್ಜ ಬುರುಡೆಯನ್ನು ಕಿವಿಗೆ ಹಿಡಿದು, ಬೆರಳಲ್ಲಿ ತಟ್ಟಿ, "ಇದು ಬದುಕುತ್ತದೆ" ಎಂದರು. ಬದುಕಿದೆ.

ಆದರೆ ಬರಡು ನೆಲದ ಬುರುಡೆ ಅದು. ಅದಕ್ಕೆ ನಮ್ಮ ಊರಿನ ಮಳೆ ಹೇಗೆ ಗೊತ್ತಿರಬೇಕು? ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುತ್ತದೆ. ಜೂನ್ ಬಂದರೆ ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು. ಉಕ್ಕಿನ ತಂತಿ ಒಂದು ವಾರಕ್ಕೆ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಹತ್ತಿಬಟ್ಟೆಯಲ್ಲಿ ಒರೆಸಿ, ಒಂದು ಹನಿ ತೆಂಗಿನೆಣ್ಣೆ ಸವರುತ್ತೇನೆ. ಅಮ್ಮ ರೇಷ್ಮೆ ಸೀರೆ ಇಡುವ ಕಪಾಟಿನಲ್ಲಿ ಮಳೆಗಾಲಕ್ಕೆ ಒಂದು ಬಲ್ಬ್ ಉರಿಸುತ್ತಿದ್ದರು. ನಾನೂ ವೀಣೆಯ ಪಕ್ಕ ಅದೇ ಮಾಡಿದ್ದೇನೆ, ಸ್ವಲ್ಪ ದೂರದಲ್ಲಿ. ತೀರಾ ಒಣಗಿದರೂ ಬುರುಡೆ ಸೀಳುತ್ತದೆ.

ಮೇಣ ಗಟ್ಟಿಯಾಯಿತು. ಕೇಳಿ. ಸ, ರಿ, ಗ.

ಬಂತು. ಕೇಳಿತಾ? ಇದೇ ಗಾಂಧಾರ.

ಬಾಗಿಲಲ್ಲಿ ನಿಂತಿರುವುದು ಪಕ್ಕದ ಮನೆಯ ದೊಡ್ಡಮ್ಮ. ಅವರು ಯಕ್ಷಗಾನ ಎಂದರೆ ಪ್ರಾಣ ಬಿಡುವವರು. ಗದ್ದೆಯಲ್ಲಿ ಆಟ ಇದ್ದರೆ ಚೆಂಡೆ ಸದ್ದು ಎರಡು ಊರು ದಾಟಿ ಕರೆಯುತ್ತದೆ, ಇಡೀ ರಾತ್ರಿ ಕೂತು ನೋಡಿದವರು. ನನ್ನ ವೀಣೆ ಕೇಳಿ ಮೊದಲ ಸಲ ಅವರು ಹೇಳಿದ್ದು, "ಎಂತ ಮಾರಾಯ್ತಿ, ಹಾಳಾಗಿದೆಯಾ? ಶಬ್ದವೇ ಬರುವುದಿಲ್ಲವಲ್ಲ." ಈಗ ಅವರ ಕಿವಿಯೂ ಸ್ವಲ್ಪ ಮಂದ. ಆದರೂ ಮಳೆಯಲ್ಲಿ ಕೊಡೆ ಹಿಡಿದು ಬಂದಿದ್ದಾರೆ.

"ದೊಡ್ಡಮ್ಮ, ಇಲ್ಲಿ ಕೈ ಇಡಿ" ಎಂದೆ. ಬುರುಡೆಯ ಮೇಲೆ ಅಂಗೈ ಇಟ್ಟರು. ನಾನು ಮಂದ್ರ ಷಡ್ಜ, ಅಂದರೆ ತಗ್ಗಿನ ಸ ಮೀಟಿದೆ. ಅವರ ಬಳೆ ಸಣ್ಣಗೆ ನಡುಗಿದ್ದು ಕ್ಯಾಮೆರಾದಲ್ಲೂ ಬಂದಿದೆ, ನೋಡಿ.

"ಅಯ್ಯೋ, ಒಳಗೆ ಯಾರೋ ಉಸಿರಾಡಿದ ಹಾಗೆ ಆಗ್ತದೆ ಮಗಾ" ಎಂದರು. ಕೈ ತೆಗೆಯಲಿಲ್ಲ. ಸದ್ದು ಪೂರ್ತಿ ಆರುವ ತನಕ ಹಾಗೇ ಇದ್ದರು. ಆಮೇಲೆ ತಲೆ ಎತ್ತಿ ಹೊರಗಿನ ಕೋಣೆಯ ಕಡೆ ನೋಡಿ, "ಅಲ್ಲಿ ಯಾರಾದರೂ ಆ ಫ್ಯಾನ್ ಬಂದ್ ಮಾಡಿ" ಎಂದು ಕೂಗಿದರು.

ಮಾಡಿದೆವು. ಇನ್ನು ತೋಡಿ ನುಡಿಸುತ್ತೇನೆ.