ಆ ಹಕ್ಕಿಗೆ ನಾನು ತಪ್ಪು ಹೆಸರು ಕೂಗಿದ್ದೆ

ಬೆಳಗ್ಗೆ 6:40. ಕೆರೆ ಏರಿಯ ಮೇಲೆ ನಿಂತಿದ್ದೇವೆ. ಕ್ಯಾಮೆರಾ ಸ್ವಲ್ಪ ಅಲ್ಲಾಡುತ್ತಿದೆ, ಟ್ರೈಪಾಡಿನ ಒಂದು ಕಾಲು ಸಡಿಲ. ಈಗ ಐದು ಸೆಕೆಂಡ್ ನಾನು ಸುಮ್ಮನಿರುತ್ತೇನೆ. ಅಲ್ಲೇ ರೆಕಾರ್ಡ್ ಆದ ನನ್ನ ದನಿ ಕೇಳಿ.

"ಅಗೋ ಅಲ್ಲಿ, ಕೆಸರಿನ ಅಂಚಲ್ಲಿ! ಗ್ರೀನ್ ಸ್ಯಾಂಡ್‌ಪೈಪರ್!"

ಕೇಳಿದಿರಾ? ಎಷ್ಟು ಗಟ್ಟಿ ದನಿ, ಎಷ್ಟು ಧೈರ್ಯ! ಒಂದು ಚೂರೂ ಅನುಮಾನ ಇಲ್ಲ. ಅದು ಗ್ರೀನ್ ಸ್ಯಾಂಡ್‌ಪೈಪರ್ ಅಲ್ಲ.

ಮನೆಗೆ ಬಂದು ಎಡಿಟ್ ಮಾಡಲು ಕೂತಾಗ ಗೊತ್ತಾಯಿತು. ಆ ತುಣುಕನ್ನು ಕತ್ತರಿಸಿ ಎಸೆಯಬಹುದಿತ್ತು. ಇಲ್ಲವೇ ದನಿ ಮುಚ್ಚಿ, ಈಗ ಸರಿಯಾದ ಹೆಸರು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನೇ ಎಷ್ಟು ಸಲ ಹಾಗೆ ಮಾಡಿದ್ದೇನೋ! ಇವತ್ತು ಮಾತ್ರ ಬೇಡ ಅನ್ನಿಸಿತು. ಆದ್ದರಿಂದ ಈ ವಿಡಿಯೊ ಪೂರ್ತಿ ನಾನೂ, ಕೆರೆ ಹತ್ತಿರ ಕೂಗಿದ ನನ್ನ ದನಿಯೂ ಜಗಳ ಆಡುತ್ತಿರುತ್ತೇವೆ. ನೀವು ನಡುವೆ ಕೂತು ಕೇಳಿ.

ಸ್ಯಾಂಡ್‌ಪೈಪರ್, ನಮ್ಮ ಗದ್ದೆಗೊರವ, ಅಂದರೆ ಗೊತ್ತಲ್ಲ, ಚಳಿಗಾಲಕ್ಕೆ ಬರುವ ಉದ್ದ ಕಾಲಿನ, ನೇರ ಕೊಕ್ಕಿನ, ಕೆಸರು ಚುಚ್ಚಿಕೊಂಡು ಓಡಾಡುವ ಕಂದು ಹಕ್ಕಿ. ನಮ್ಮ ಕೆರೆಗೆ ಮುಖ್ಯವಾಗಿ ಮೂರು ಬಗೆಯವು ಬರುತ್ತವೆ. ಕಾಮನ್, ಗ್ರೀನ್, ವುಡ್. ಕಾಮನ್ ಸ್ಯಾಂಡ್‌ಪೈಪರ್ ಕಥೆ ಬೇಗ ಮುಗಿಯುತ್ತದೆ. ಇಲ್ಲಿ ಕಲ್ಲಿನ ಮೇಲೆ ನೋಡಿ, ಕೀಲಿ ಕೊಟ್ಟು ಬಿಟ್ಟ ಗೊಂಬೆ ಹಾಗೆ ಹಿಂಭಾಗ ಮೇಲೆ ಕೆಳಗೆ, ಮೇಲೆ ಕೆಳಗೆ. ಉಳಿದೆರಡೂ ಹೀಗೆ ಕುಣಿಸುತ್ತವೆ, ಆದರೆ ಇದರಷ್ಟು ಪುರುಸೊತ್ತಿಲ್ಲದೆ ಅಲ್ಲ. ಹೊಟ್ಟೆಯ ಬಿಳಿ, ಭುಜದ ಮುಂದೆ ಒಂದು ಬೆಣೆಯ ಹಾಗೆ ಮೇಲೇರಿದೆ, ಕಾಣಿಸಿತಾ? ಹಾರುವಾಗಲೂ ಅಷ್ಟೇ, ನೀರಿಗೆ ಅಂಟಿಕೊಂಡ ಹಾಗೆ, ರೆಕ್ಕೆ ಪೂರ್ತಿ ಎತ್ತದೆ, ನಡುಗಿಸುತ್ತಾ ಹೋಗುತ್ತದೆ. ಇದನ್ನು ಒಮ್ಮೆ ಕಲಿತರೆ ಮರೆಯುವುದಿಲ್ಲ.

ತೊಂದರೆ ಇರುವುದು ಗ್ರೀನ್ ಮತ್ತು ವುಡ್ ನಡುವೆ. ಎರಡೂ ಟ್ರಿಂಗಾ ಎಂಬ ಒಂದೇ ಕುಲದವು. ಎರಡೂ 20 ಸೆಂಟಿಮೀಟರಿನ ಆಸುಪಾಸು. ಎರಡಕ್ಕೂ ಬೆನ್ನು ಕಂದು, ಹೊಟ್ಟೆ ಬಿಳಿ. ಹಾರಿದರೆ ಎರಡಕ್ಕೂ ಬಾಲದ ಬುಡ ಬೆಳ್ಳಗೆ. "ಗ್ರೀನ್" ಅಂತ ಹೆಸರಿದೆ ಎಂದು ಹಸಿರು ಹುಡುಕಬೇಡಿ. ನಾನು ಮೊದಲ ವರ್ಷ ಹುಡುಕಿದ್ದೆ. ಬೆನ್ನಲ್ಲಿ ಎಣ್ಣೆ ಕಂಡಂಥ ಒಂದು ಪಾಚಿ ಛಾಯೆ, ಕಾಲಲ್ಲಿ ಮಂಕು ಹಸಿರು, ಅದೂ ಬೆಳಕು ಕೃಪೆ ಮಾಡಿದರೆ. ಹಕ್ಕಿಗೆ ಹೆಸರಿಡುವವರು ಅದನ್ನು ಕೈಯಲ್ಲಿ ಹಿಡಿದು ನೋಡಿ ಹೆಸರಿಟ್ಟರು. ನಾವು ಅರವತ್ತು ಮೀಟರ್ ದೂರದಿಂದ, ಎದುರು ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿರುತ್ತೇವೆ.

ಆ ಎದುರು ಬಿಸಿಲೇ ನನ್ನನ್ನು ಕೆಡಿಸಿದ್ದು. ಸೂರ್ಯ ಹಕ್ಕಿಯ ಹಿಂದಿದ್ದ. ಬೆನ್ನು ಕಪ್ಪಗೆ ಕಂಡಿತು. ಕಪ್ಪು ಬೆನ್ನು ಅಂದರೆ ಗ್ರೀನ್, ಮುಗಿಯಿತು ಅಂದುಕೊಂಡೆ. ಈಗ ಅದೇ ತುಣುಕನ್ನು ನಿಧಾನ ಮಾಡಿ, ಬೆಳಕು ಎತ್ತಿ ತೋರಿಸುತ್ತೇನೆ. ಹಕ್ಕಿ ತಿರುಗುತ್ತದೆ. ಇಲ್ಲಿ ನಿಲ್ಲಿಸುತ್ತೇನೆ. ಕಣ್ಣಿನ ಮೇಲೆ ನೋಡಿ. ಬಿಳಿ ಹುಬ್ಬು ಇದೆಯಲ್ಲ, ಅದು ಕೊಕ್ಕಿನ ಬುಡದಿಂದ ಹೊರಟು, ಕಣ್ಣು ದಾಟಿ, ಹಿಂದೆ ಕತ್ತಿನ ತನಕ ಎಳೆದಿದೆ. ಗ್ರೀನ್ ಆಗಿದ್ದರೆ ಆ ಹುಬ್ಬು ಕಣ್ಣಿನ ಮುಂದೆಯೇ ನಿಂತುಬಿಡಬೇಕಿತ್ತು, ಕಣ್ಣಿನ ಸುತ್ತ ಒಂದು ಬಿಳಿ ಉಂಗುರ ಎದ್ದು ಕಾಣಬೇಕಿತ್ತು. ಬೆನ್ನಿನ ಮೇಲೆ ನೋಡಿ, ಅಕ್ಕಿ ನುಚ್ಚು ಚೆಲ್ಲಿದ ಹಾಗೆ ತಿಳಿ ಚುಕ್ಕೆಗಳು. ಗ್ರೀನ್‌ಗೂ ಚುಕ್ಕೆ ಇರುತ್ತದೆ, ಆದರೆ ಸಣ್ಣವು, ದೂರಕ್ಕೆ ಬೆನ್ನು ಒಂದೇ ಬಣ್ಣ ಅನ್ನಿಸುತ್ತದೆ. ಕಾಲು ಹಳದಿ ಕಡೆಗಿದೆ. ಮೈ ಸ್ವಲ್ಪ ಸಪೂರ.

ವುಡ್ ಸ್ಯಾಂಡ್‌ಪೈಪರ್.

ಹುಬ್ಬು ನೋಡಬೇಕು ಅಂತ ನನಗೆ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತಿತ್ತು. ನೋಡುವ ಮೊದಲೇ ಬಾಯಿ ಓಡಿತು. ಹಿಂದಿನ ಚಳಿಗಾಲದಲ್ಲಿ ಅದೇ ಮೂಲೆಯಲ್ಲಿ ಗ್ರೀನ್ ನೋಡಿದ್ದೆ ಅಂತ ತಲೆಯಲ್ಲಿತ್ತು. ಆ ಜಾಗಕ್ಕೆ ಆ ಹೆಸರು ಅಂಟಿಬಿಟ್ಟಿತ್ತು. ಆ ಹಿಂದಿನ ಚಳಿಗಾಲದ ವಿಷಯಕ್ಕೆ ಆಮೇಲೆ ಬರುತ್ತೇನೆ, ಅಲ್ಲಿ ಇನ್ನೂ ನಾಚಿಕೆಗೇಡು ಇದೆ.

ಪಕ್ಕದಲ್ಲಿ ಇನ್ನೊಂದು ದನಿ ಬಂತಲ್ಲ, ಅದು ನನ್ನ ಗೆಳೆಯ. ಏನು ಹೇಳಿದ ಕೇಳಿ. "ಲೋ, ಹಾರಲಿ ತಡಿಯೋ." ಅಷ್ಟೇ. ಆಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾರಿದ್ದು ಹನ್ನೊಂದು ನಿಮಿಷದ ನಂತರ. ಅಷ್ಟನ್ನೂ ತೋರಿಸುವುದಿಲ್ಲ, ಹೆದರಬೇಡಿ. ಇಲ್ಲಿ, ರೆಕ್ಕೆ ಎತ್ತಿದಾಗ, ಕಂಕುಳು ತಿಳಿ ಬೂದು. ಗ್ರೀನ್ ಆದರೆ ರೆಕ್ಕೆಯಡಿ ಮಸಿ ಬಳಿದ ಹಾಗೆ ಕಪ್ಪು. ಕಾಲುಗಳು ಬಾಲ ದಾಟಿ ಆಚೆ ಚಾಚಿವೆ. ಗ್ರೀನ್‌ನ ಕಾಲು ಬಾಲದ ಆಚೆ ಹೊರಬೀಳುವುದೇ ಕಷ್ಟ. ಇನ್ನು ಕೂಗು. ಗಾಳಿ ಸದ್ದಿನ ನಡುವೆಯೂ ಮೈಕ್ ಹಿಡಿದಿದೆ, ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. "ಚಿಫ್-ಇಫ್-ಇಫ್." ಒಣ, ಚುರುಕು, ಒಂದೇ ಮಟ್ಟದಲ್ಲಿ. ಕಣ್ಣು ಎಷ್ಟೇ ವಾದ ಮಾಡಲಿ, ಈ ಕೂಗಿನ ಮುಂದೆ ಬಾಯಿ ಮುಚ್ಚಬೇಕು.

ಹಾಗಾದರೆ ಗ್ರೀನ್ ಎಲ್ಲಿತ್ತು? ಇತ್ತು. ತೂಬಿನ ಹಿಂದೆ ನೀರು ಹೊರಗೆ ಹರಿಯುವ ಸಣ್ಣ ಕಾಲುವೆ ಇದೆ, ಎರಡು ಮೊಳ ಅಗಲ, ಎರಡು ಕಡೆ ಹುಲ್ಲು. ಅಲ್ಲಿ ಕಾಲಿಟ್ಟ ತಕ್ಷಣ ಏನೋ ಬುರ್ ಅಂತ ಎದ್ದಿತು. ಕ್ಯಾಮೆರಾ ಆನ್ ಆಗುವಷ್ಟರಲ್ಲಿ ಆಕಾಶ ಮಾತ್ರ ಸಿಕ್ಕಿದೆ. ಆದರೆ ದನಿ ಇದೆ. "ಟ್ಲೂ-ಈಟ್, ವೀಟ್-ವೀಟ್!" ತುಂಬು ದನಿ, ಏರುತ್ತಾ ಹೋಗುವ ಕೂಗು. ಕಂಡಿದ್ದು ಒಂದೇ ಕ್ಷಣ, ಕಪ್ಪು ಮೈ, ಸುಣ್ಣ ಬಳಿದಂಥ ಬಾಲದ ಬುಡ. ಈ ಹಕ್ಕಿಯ ಸ್ವಭಾವವೇ ಹೀಗೆ. ಬಯಲು ಕೆಸರಿಗಿಂತ ಇಂಥ ಮರೆಯ ಚರಂಡಿ, ಕಾಲುವೆ, ಗುಂಡಿ ಇಷ್ಟ. ಹೆಚ್ಚಾಗಿ ಒಂಟಿ. ನೀವು ನೋಡುವ ಮೊದಲೇ ಅದು ನಿಮ್ಮನ್ನು ನೋಡಿರುತ್ತದೆ. ಕೇಳಲು ತಮಾಷೆಯಾಗಿದೆ, ಉತ್ತರದ ಕಾಡುಗಳಿಗೆ ವಾಪಸ್ ಹೋದಾಗ ಇದು ನೆಲದ ಮೇಲೆ ಗೂಡು ಮಾಡುವುದಿಲ್ಲ. ಮರದ ಮೇಲೆ ಬೇರೆ ಹಕ್ಕಿಗಳು ಕಟ್ಟಿ ಬಿಟ್ಟುಹೋದ ಹಳೇ ಗೂಡಲ್ಲಿ ಮೊಟ್ಟೆ ಇಡುತ್ತದೆ! ಕೆಸರಲ್ಲಿ ಓಡಾಡುವ ಈ ಉದ್ದ ಕಾಲಿನದು ಮರದ ಗೂಡಲ್ಲಿ ಕೂತಿರುವುದನ್ನು ಒಮ್ಮೆ ಊಹಿಸಿಕೊಳ್ಳಿ.

ಬೆಳ್ಳಕ್ಕಿಗಳ ಹತ್ತಿರ ಬರೋಣ. ಇವು ದೊಡ್ಡವು, ಬೆಳ್ಳಗಿವೆ, ಓಡಿಹೋಗುವುದಿಲ್ಲ. ಸುಲಭ ಅಲ್ವಾ? ಅಲ್ಲ.

ಸಣ್ಣ ಬೆಳ್ಳಕ್ಕಿ ಸರಿ. ಕಪ್ಪು ಕೊಕ್ಕು, ಕಪ್ಪು ಕಾಲು, ಪಾದ ಮಾತ್ರ ಅರಿಶಿನದಲ್ಲಿ ಅದ್ದಿದ ಹಾಗೆ ಹಳದಿ. ನೀರಲ್ಲಿ ಆ ಹಳದಿ ಪಾದ ಅಲ್ಲಾಡಿಸಿ ಮೀನು ಎಬ್ಬಿಸುತ್ತಿದೆ, ನೋಡಿ. ಆದರೆ ಈ ಎರಡು? ಎರಡಕ್ಕೂ ಹಳದಿ ಕೊಕ್ಕು, ಕಪ್ಪು ಕಾಲು. ಒಂದು ದೊಡ್ಡ ಬೆಳ್ಳಕ್ಕಿ, ಇನ್ನೊಂದು ಮಧ್ಯಮ ಬೆಳ್ಳಕ್ಕಿ. ಪಕ್ಕಪಕ್ಕ ನಿಂತಿದ್ದರೆ ಯಾವುದು ದೊಡ್ಡದು ಅಂತ ಮಗುವೂ ಹೇಳುತ್ತದೆ. ಒಂಟಿಯಾಗಿ ನಿಂತಾಗ "ದೊಡ್ಡದು" ಅಂದರೆ ಯಾವುದಕ್ಕಿಂತ? ಇನ್ನು ಕೊಕ್ಕಿನ ಬಣ್ಣ ನಂಬಿದರೆ ಕೆಟ್ಟಿರಿ. ಮರಿ ಮಾಡುವ ಕಾಲಕ್ಕೆ ಇವೆರಡರ ಕೊಕ್ಕೂ ಕಪ್ಪಾಗುತ್ತದೆ.

ಬದಲಾಗದೆ ಉಳಿಯುವುದು ಒಂದು ಗೀರು. ಬಾಯಿ ಸೀಳಿನ ಗೆರೆ. ಕೊಕ್ಕಿನಿಂದ ಹಿಂದಕ್ಕೆ ಹೋಗುವ ಆ ಸಣ್ಣ ಗೆರೆ ಎಲ್ಲಿ ನಿಲ್ಲುತ್ತದೆ? ಕಣ್ಣಿನ ಕೆಳಗೇ ನಿಂತರೆ ಮಧ್ಯಮ. ಕಣ್ಣು ದಾಟಿ ಹಿಂದೆ ಹೋದರೆ ದೊಡ್ಡದು. ಜೂಮ್ ಮಾಡುತ್ತೇನೆ. ಇದು ದಾಟಿದೆ. ಕತ್ತಲ್ಲಿ ಮುರಿದು ಜೋಡಿಸಿದ ಹಾಗೆ ಒಂದು ಸೊಟ್ಟ ಕೂಡ ಇದೆ. ದೊಡ್ಡ ಬೆಳ್ಳಕ್ಕಿ. ಇದನ್ನು ಹೇಳಲು ನನಗೆ ಒಂದು ನಿಮಿಷ ಬೇಕಾಯಿತು, ಅದೂ ಸುಮ್ನೆ ಕಂಬದ ಹಾಗೆ ನಿಂತ ಹಕ್ಕಿಗೆ.

ನೀರುಕಾಗೆಗಳನ್ನು ಬೇಗ ದಾಟುತ್ತೇನೆ. ಸಣ್ಣ ನೀರುಕಾಗೆಗೆ ಗಿಡ್ಡ ಕೊಕ್ಕು, ಗುಂಡು ತಲೆ, ಕಪ್ಪು ಕಣ್ಣು. ಇಂಡಿಯನ್ ಕಾರ್ಮೊರಂಟ್ ಎಂಬ ಇನ್ನೊಂದು ನೀರುಕಾಗೆಗೆ ಸಪೂರ ಉದ್ದ ಕೊಕ್ಕು, ತುದಿಯಲ್ಲಿ ಕೊಂಡಿ, ನೀಲಿ ಹಸಿರು ಕಣ್ಣು. ಕಣ್ಣಿನ ಬಣ್ಣ ಕಂಡರೆ ಉಳಿದದ್ದೇನೂ ಬೇಡ.

ಈಗ ಕತ್ತು ನೋಯಿಸುವ ಭಾಗ. ಹೊಂಗೆ ಮರದ ಕೆಳಗೆ ನಾವಿಬ್ಬರೂ ತಲೆ ಎತ್ತಿ ನಿಂತಿದ್ದೇವೆ. ಮೇಲೆ ಎಲೆಗಳ ನಡುವೆ 10 ಸೆಂಟಿಮೀಟರಿನ ಎಲೆ ಬಣ್ಣದ ಹಕ್ಕಿ, ಎಲೆ ಉಲಿಯಕ್ಕಿ. ಒಂದು ಕಡೆ ಎರಡು ಸೆಕೆಂಡ್ ನಿಲ್ಲುವುದಿಲ್ಲ. ನನ್ನ ವಿಡಿಯೊದಲ್ಲಿ ಇರುವುದು ಅಲ್ಲಾಡುವ ಎಲೆ, ಒಂದು ಬಾಲ, ಮತ್ತೆ ಎಲೆ.

ಇವುಗಳಲ್ಲಿ ಗ್ರೀನಿಶ್ ವಾರ್ಬ್ಲರ್ ಅಂತ ಒಂದು, ಗ್ರೀನ್ ವಾರ್ಬ್ಲರ್ ಅಂತ ಇನ್ನೊಂದು. ಹೆಸರು ಇಟ್ಟವರಿಗೆ ನಮ್ಮ ಮೇಲೆ ಏನು ದ್ವೇಷವೋ! ಬಹಳ ಕಾಲ ಇವೆರಡನ್ನೂ ಒಂದೇ ಜಾತಿ ಅಂತಲೇ ಲೆಕ್ಕ ಹಾಕುತ್ತಿದ್ದರು. ಗ್ರೀನ್‌ಗೆ ಮುಖ, ಎದೆ ಸ್ವಲ್ಪ ಜಾಸ್ತಿ ಹಳದಿ. ಗ್ರೀನಿಶ್ ಮಂಕು. ರೆಕ್ಕೆಯ ಮೇಲೆ ತೆಳು ಪಟ್ಟಿ ಒಂದಿರುತ್ತದೆ, ಗರಿ ಸವೆದರೆ ಅದೂ ಹೋಗುತ್ತದೆ. ಹಸಿರು ಎಲೆಯ ಮೂಲಕ ಬಿದ್ದ ಬೆಳಕಲ್ಲಿ ಎಲ್ಲ ಹಕ್ಕಿಯೂ ಹಸಿರೇ.

ಇಂಥ ಕಡೆ ಕಿವಿಯೇ ಗತಿ. ಇದು ಹೊಸ ಮಾತಲ್ಲ. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಇದ್ದರು. 1768ರಲ್ಲಿ ಅವರು ಬರೆದ ಒಂದು ಪತ್ರದಲ್ಲಿ, ಒಂದೇ ಥರ ಕಾಣುವ ಎಲೆ ಉಲಿಯಕ್ಕಿಗಳು ಮೂರು ಬೇರೆ ಬೇರೆ ಜಾತಿ, ಮೂರರ ಹಾಡೂ ಬೇರೆ ಅಂತ ಹೇಳಿದರು. ಕೈಯಲ್ಲಿ ದುರ್ಬೀನಿಲ್ಲ, ರೆಕಾರ್ಡರ್ ಇಲ್ಲ. ಬರೀ ಕಿವಿ, ಆಮೇಲೆ ಹಕ್ಕಿ ಕೈಗೆ ಸಿಕ್ಕಾಗ ಅಳತೆ.

ನನ್ನ ಹತ್ತಿರ ಫೋನ್ ಇತ್ತು. ಕೂಗು ಕೇಳಿ ಹೆಸರು ಹೇಳುವ ಆಪ್ ಒಂದನ್ನು ಆನ್ ಮಾಡಿದೆ. ಮರದಿಂದ "ಚಿಸ್ವಿಟ್" ಅಂತ ಬಂತು. ಆಪ್ ಒಂದು ಸಿಪಿಲೆಯ ಚಿತ್ರ ತೋರಿಸಿತು. ನೆಲದ ಮೇಲೆ ಬಾಲ ಕುಣಿಸುತ್ತಾ ಓಡುವ ಸಿಪಿಲೆ, ಮರದ ತುದಿಯ ಎಲೆ ನಡುವೆ! ಗೆಳೆಯ ನಕ್ಕ. ನಾನೂ ನಕ್ಕೆ. ಆಮೇಲೆ ಯೋಚಿಸಿದರೆ ಆಪ್ ಪೂರ್ತಿ ಪೆದ್ದು ಅಲ್ಲ. ಬಿಳಿ ಸಿಪಿಲೆಯ ಕೂಗೂ ಹಾಗೇ ಎರಡು ತುಂಡಾಗಿ ಬರುತ್ತದೆ. ಅದಕ್ಕೆ ಕಿವಿ ಇದೆ, ಮರ ಕಾಣುವುದಿಲ್ಲ, ಅಷ್ಟೇ. ಪಟ್ಟಿಯಲ್ಲಿ ಗ್ರೀನಿಶ್ ವಾರ್ಬ್ಲರ್ ಅಂತ ಬರೆದುಕೊಂಡೆವು. ಆ ಎರಡು ತುಂಡಿನ ಕೂಗಿನ ಆಧಾರದ ಮೇಲೆ, ಮತ್ತು ಒಮ್ಮೆ ಹಕ್ಕಿ ಬಿಸಿಲಿಗೆ ಬಂದಾಗ ಕಂಡ ಮಂಕು ಎದೆಯ ಆಧಾರದ ಮೇಲೆ.

ಈಗ ಹಿಂದಿನ ಚಳಿಗಾಲದ ನಾಚಿಕೆ. ಎಡಿಟ್ ಮಾಡುವಾಗ ಈ ವುಡ್ ಸ್ಯಾಂಡ್‌ಪೈಪರ್ ಸಿಕ್ಕಿತಲ್ಲ, ಆಗ ಹೊಟ್ಟೆಯಲ್ಲಿ ಏನೋ ತಳಮಳ. ಹಳೇ ಪಟ್ಟಿ ತೆಗೆದೆ. ಅದೇ ಮೂಲೆಯಲ್ಲಿ ಏಳು ಸಲ ಗ್ರೀನ್ ಅಂತ ಬರೆದಿದ್ದೆ. ನಾಲ್ಕಕ್ಕೆ ಫೋಟೊ ಇತ್ತು. ಒಂದೊಂದಾಗಿ ತೆರೆದೆ. ಹುಬ್ಬು ಕತ್ತಿನ ತನಕ. ಹುಬ್ಬು ಕತ್ತಿನ ತನಕ. ಮೂರನೆಯದರಲ್ಲಿ ಹಕ್ಕಿ ನೇರ ನನ್ನ ಕಡೆಗೇ ನೋಡುತ್ತಿತ್ತು, ಚುಕ್ಕೆಗಳು ನಕ್ಷತ್ರದ ಹಾಗೆ. ನಾಲ್ಕನೆಯದು ಮಾತ್ರ ನಿಜವಾಗಿ ಗ್ರೀನ್, ಅದೂ ಬೇರೆ ಮೂಲೆಯದು, ಬರೆಯುವಾಗ ಜಾಗ ತಪ್ಪಾಗಿದೆ! ಮೂರನ್ನು ವುಡ್ ಅಂತ ತಿದ್ದಿದೆ. ಫೋಟೊ ಇಲ್ಲದ ಮೂರನ್ನು ಏನು ಮಾಡುವುದು? ಆ ಬೆಳಗ್ಗೆಗಳು ನೆನಪಿಲ್ಲ. ನೆನಪಿದೆ ಅಂದರೂ ಅದು ನನ್ನ ಬಾಯಿ ಹೇಳಿದ ಹೆಸರಿನ ನೆನಪು, ಹಕ್ಕಿಯ ನೆನಪಲ್ಲ. ನೋಡಿದ ಹಕ್ಕಿಗಳ ಪಟ್ಟಿ ಹಾಕುವ ಇ-ಬರ್ಡ್ ಜಾಲತಾಣದಲ್ಲಿ ಇಂಥದ್ದಕ್ಕೆ ಜಾಗ ಇದೆ, ಜಾತಿ ಹೇಳದೆ ಕುಲ ಮಾತ್ರ ಬರೆಯಬಹುದು. ಮೂರಕ್ಕೂ "ಟ್ರಿಂಗಾ ಪ್ರಭೇದ" ಅಂತ ಹಾಕಿದೆ. ಪಟ್ಟಿ ನೋಡಲು ಸ್ವಲ್ಪ ಬೋಳು ಕಾಣುತ್ತಿದೆ. ಇರಲಿ.

ಕೊನೇ ತುಣುಕು. ಒಂಬತ್ತು ಗಂಟೆ, ಬಿಸಿಲು ಏರಿದೆ, ನೀರಿನ ಮೇಲೆ ಗಾಳಿ ಕುದಿಯುವ ಹಾಗೆ ಕಾಣುತ್ತಿದೆ. ಆಚೆ ದಡದ ಕಲ್ಲಿನ ಮೇಲೆ ಒಂದು ಗದ್ದೆಗೊರವ. ಬೆನ್ನು ನಮ್ಮ ಕಡೆಗೆ. ಕೊಕ್ಕು ರೆಕ್ಕೆಯೊಳಗೆ. ನಿದ್ದೆ. ಹುಬ್ಬಿಲ್ಲ, ಕಾಲಿಲ್ಲ, ಕೂಗಿಲ್ಲ. ಒಂದು ಕಂದು ಉಂಡೆ. ಇಪ್ಪತ್ತೈದು ನಿಮಿಷ ಕಾದೆವು. ಅಲ್ಲಿ ನಾನು ಬಾಯಿ ತೆರೆಯಲಿಲ್ಲ, ಬೇಕಾದರೆ ಆಡಿಯೊ ಕೇಳಿ ನೋಡಿ, ಬರೀ ಗಾಳಿ.

ಈಗ ನೋಡಿ, ಬ್ಯಾಟರಿ ಕೆಂಪಾಗಿದೆ. ಹಕ್ಕಿ ಕತ್ತು ಎತ್ತಿತು. ಮೈ ಮುರಿಯಲು ಒಂದು ರೆಕ್ಕೆ ನಿಧಾನವಾಗಿ ಮೇಲೆತ್ತುತ್ತಿದೆ...

ಅಷ್ಟೇ. ಕ್ಯಾಮೆರಾ ಆಫ್. ಆಮೇಲಿನದು ಫೋನ್‌ನಲ್ಲಿ ಸಿಕ್ಕ ದನಿ ಮಾತ್ರ.

"ಕಪ್ಪಿತ್ತು ಕಣೋ ರೆಕ್ಕೆಯಡಿ, ಗ್ರೀನೇ."

"ಇಲ್ಲ ಕಣೋ, ಬೂದು. ಕಲ್ಲಿನ ನೆರಳು ಬಿದ್ದಿತ್ತು."

"ನೆರಳೆಲ್ಲಿಂದ ಬರುತ್ತೋ, ಸೂರ್ಯ ಆ ಕಡೆ ಇದ್ದಾನೆ."

ಕಾರು ಹತ್ತುವ ತನಕ ಇದೇ. ಅವನ ಪಟ್ಟಿಯಲ್ಲೂ, ನನ್ನ ಪಟ್ಟಿಯಲ್ಲೂ ಅದು ಟ್ರಿಂಗಾ ಅಂತಲೇ ಇದೆ.